ರಾಜ ಬೀಳುವ ಹೊತ್ತಿಗೆ ಎದ್ದು ಹೋಗುತ್ತಿದ್ದವಳು

ಹೊರಡುವ ಮುಂಚೆ

ರೋಮಿಗೆ ಯಾಕೆ ಹೋದಿರಿ ಎಂದು ಕೇಳಿದವರಿಗೆಲ್ಲ ನಾನು ಚರಿತ್ರೆ, ಕಲೆ ಎಂದು ಏನೇನೋ ಹೇಳಿಕೊಂಡು ಬಂದಿದ್ದೇನೆ. ಹೊಣಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳ ಬಾಯಲ್ಲಿ ಅಂಥ ಮಾತು ಒಪ್ಪುತ್ತದೆ. ನಿಜ ಹೇಳಿದರೆ ಜನ ನಗುತ್ತಾರೆ. ನಾವು ಗಂಡ ಹೆಂಡತಿ ರೋಮಿಗೆ ಹೋದದ್ದು ಟಿವಿಯಲ್ಲಿ ಬಂದ ಒಂದು ಧಾರಾವಾಹಿ ನೋಡಿ.

ಅದಕ್ಕೂ ಮುಂಚೆ ನಮ್ಮ ಯಜಮಾನರ ವಿಷಯ ಹೇಳಬೇಕು. ಪಾಂಡವಪುರದ ಪಕ್ಕದ ನಮ್ಮ ಹಳ್ಳಿಯಲ್ಲಿ ಚಲುವಣ್ಣ ಎಂದರೆ ಗದ್ದೆ, ಹಸು, ಡೇರಿ ಎಲ್ಲ ಆಮೇಲೆ. ಮೊದಲು ರಾಜನ ಪಾರ್ಟು. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ನಮ್ಮೂರವರು ಆಡುವ ಪೌರಾಣಿಕ ನಾಟಕದಲ್ಲಿ ಗದೆ ಹಿಡಿದ ರಾಜ ಅವರೇ. ಕೊನೆಗೆ ತೊಡೆ ಮುರಿದುಕೊಂಡು ನೆಲಕ್ಕೆ ಬೀಳುತ್ತಾನಲ್ಲ, ಆ ರಾಜ. ಅವನ ಹೆಸರನ್ನು ನಾನು ಮನೆಯಲ್ಲಿ ಎತ್ತುವುದಿಲ್ಲ, ಇಲ್ಲೂ ಬರೆಯುವುದಿಲ್ಲ. ಮಂಡ್ಯ ಸೀಮೆಯವರಿಗೆ ಹೇಳಬೇಕಾಗಿಯೂ ಇಲ್ಲ.

ನಾನು ಮದುವೆಯಾಗಿ ಬಂದ ವರ್ಷ ಆ ನಾಟಕ ನೋಡಲು ಹೆಂಗಸರ ಸಾಲಿನಲ್ಲಿ ಮುಂದೆ ಕೂತಿದ್ದೆ. ಗದೆಗಳ ಕಾಳಗ ಶುರುವಾಗುವುದಕ್ಕೆ ಮುಂಚೆ ಹಾರ್ಮೋನಿಯಂ ಒಂದು ಬೇರೆ ಮಟ್ಟು ಹಿಡಿಯಿತು. ಅತ್ತೆ ನನ್ನ ಕೈ ಹಿಡಿದು ಎಬ್ಬಿಸಿದರು. "ಗಂಡ ಬೀಳೋದ್ನ ಹೆಂಡ್ತಿ ಕಣ್ಣಲ್ಲಿ ನೋಡ್ಬಾರ್ದು ಕಣವ್ವ, ಏಳು," ಎಂದರು. ಮನೆಗೆ ಬಂದು ಬಾಗಿಲಿಗೆ ನೀರು ಹಾಕಿ, ದೀಪ ಹಚ್ಚಿ, ಹಾಲು ಕಾಯಿಸಿದೆವು. ಬೆಳಗಾಗುವ ಹೊತ್ತಿಗೆ ಯಜಮಾನರು ಮುಖದ ಬಣ್ಣದ ಸಮೇತ ಬಂದು ಜಗುಲಿಯ ಮೇಲೆ ಕೂತು ಆ ಹಾಲು ಕುಡಿದರು. ರಂಗದ ಮೇಲೆ ಸತ್ತವರು ಮನೆಗೆ ಬದುಕಿ ಬಂದರು ಎಂಬ ಲೆಕ್ಕ. ಅತ್ತೆ ಹೋದ ಮೇಲೂ ನಾನು ಅದನ್ನು ತಪ್ಪಿಸಲಿಲ್ಲ. ಆ ಮಟ್ಟು ಕಿವಿಗೆ ಬಿದ್ದರೆ ಸಾಕು, ನನ್ನ ಕಾಲುಗಳು ತಾವಾಗಿಯೇ ಏಳುತ್ತಿದ್ದವು.

ಹೀಗಾಗಿ ಇಡೀ ತಾಲ್ಲೂಕೇ ಹೊಗಳುವ ಆ ಸಾವನ್ನು ನೋಡದೆ ಉಳಿದವಳು ನಾನೊಬ್ಬಳೇ. ನಾಗಮಂಗಲದ ಬಸ್ಸಿನ ಕಂಡಕ್ಟರು ಚೀಟಿ ಹರಿಯುತ್ತ ಹೇಳುತ್ತಿದ್ದ, ನಿಮ್ಮೆಜಮಾನ್ರು ಸಾಯೋದು ನೋಡಿದ್ರೆ ಅನ್ನ ಸೇರಕ್ಕಿಲ್ಲ ಮೇಡಂ ಎಂದು. ರಾಜ ಬಿದ್ದು ಕಣ್ಣು ಮುಚ್ಚಿದ ಮೇಲೆ ಜನ ಸುಮ್ಮನಿರುತ್ತಿರಲಿಲ್ಲವಂತೆ. "ಒನ್ಸ್ ಮೋರ್" ಎಂದು ಕೂಗುತ್ತಿದ್ದರಂತೆ. ಸತ್ತ ರಾಜ ಎದ್ದು, ಕೈ ಮುಗಿದು, ಬೀಳುವ ಹೊತ್ತಿನ ಆ ಪದವನ್ನು ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯುತ್ತಿದ್ದನಂತೆ. ನಮ್ಮ ಕಡೆಯ ನಾಟಕದಲ್ಲಿ ಇದು ಮರ್ಯಾದೆ. ಒನ್ಸ್ ಮೋರ್ ಬೀಳದ ರಾಜ ರಾಜನೇ ಅಲ್ಲ.

ಕಳೆದ ವರ್ಷ ಅವರ ಗಂಟಲಲ್ಲಿ ಒಂದು ಗಂಟು ಎದ್ದಿತು. ಮೈಸೂರಿನ ಡಾಕ್ಟರು ಅದನ್ನು ತೆಗೆದು, ಕೆಟ್ಟದ್ದೇನಲ್ಲ ಎಂದು ಧೈರ್ಯ ಹೇಳಿ, ಮಾತಿಗೆ ತೊಂದರೆಯಿಲ್ಲ, ಏರುದನಿಯಲ್ಲಿ ಹಾಡುವುದು ಮಾತ್ರ ಇನ್ನು ಕಷ್ಟ ಎಂದರು. ಗಾಯ ಆರುವ ತನಕ ಬಾಯಿ ಬಿಡುವಂತಿರಲಿಲ್ಲ. ಊರೆಲ್ಲ ಕೇಳುವಂತೆ ಹಸುವನ್ನು ಬೈಯುತ್ತಿದ್ದ ಮನುಷ್ಯ ಸುಮ್ಮನೆ ಕುರ್ಚಿಯಲ್ಲಿ ಕೂತರೆ ಮನೆಯೇ ಬಿಕೋ ಎನ್ನುತ್ತದೆ. ಆ ಮೌನದೊಳಕ್ಕೆ ಬಂದವನು ರೋಮಿನ ಚಕ್ರವರ್ತಿ.

ಸೈನಿಕನ ಮಗನಾಗಿ ಹುಟ್ಟಿ, ಸೈನಿಕರ ಹೆಗಲ ಮೇಲೇರಿ ಸಿಂಹಾಸನಕ್ಕೆ ಬಂದು, ಒಬ್ಬೊಬ್ಬರನ್ನೇ ದೂರ ಮಾಡಿಕೊಂಡು ಹೋದವನ ಕತೆ ಅದು. ಅವನ ಹೆಸರು ನನ್ನ ನಾಲಗೆಗೆ ಕೊನೆಗೂ ಹತ್ತಲಿಲ್ಲ. ಯಾರೋ ಪುಣ್ಯಾತ್ಮರು ಅದನ್ನು ಕನ್ನಡಕ್ಕೆ ಡಬ್ ಮಾಡಿದ್ದರು. ಬಿಳಿ ಮೈಯ ಚಕ್ರವರ್ತಿ ಕನ್ನಡದಲ್ಲಿ ಥೇಟ್ ನಮ್ಮೂರ ನಾಟಕದ ರಾಜನ ಹಾಗೆ ಗುಡುಗುತ್ತಿದ್ದ. ಯಜಮಾನರು ಬಾಯಿ ಬಿಡದೆ, ಬರೀ ಕೈಯಲ್ಲೇ ಅವನ ತಪ್ಪು ತಿದ್ದುತ್ತಿದ್ದರು: ಎದೆ ಮುಂದೆ, ಗಲ್ಲ ಮೇಲೆ. ಕೊನೆಯ ಕಂತು ಬಂದಾಗ, ಅರಮನೆಯಲ್ಲಿ ಒಬ್ಬನೇ ಉಳಿದ ಚಕ್ರವರ್ತಿ ಮೆಟ್ಟಿಲು ಇಳಿಯತೊಡಗಿದ. ನನಗೇ ತಿಳಿಯದಂತೆ ಎದ್ದು ಹೋಗಿ ಟಿವಿ ಆರಿಸಿ ಹಾಲು ಕಾಯಿಸಲು ಇಟ್ಟೆ. ಅವರು ಮತ್ತೆ ಹಾಕಲಿಲ್ಲ.

ಮಾತು ಮರಳಿದ ಮೇಲೆ ಕೆ.ಆರ್. ಪೇಟೆಯಿಂದ ನಾಟಕದ ಮೇಷ್ಟ್ರು ಬಂದರು. ಹಾರ್ಮೋನಿಯಂ ಹಿಡಿದು ನಮ್ಮ ಸುತ್ತಿನ ಹಳ್ಳಿಗಳಿಗೆಲ್ಲ ಪಾರ್ಟು ಕಲಿಸುವವರು. ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಕೊನೆಗೆ ಬಾಯಿ ಬಿಟ್ಟರು. ಈ ಸಲ ರಾಜನ ಪಾರ್ಟಿಗೆ ಕೆ.ಆರ್. ಪೇಟೆಯ ಒಬ್ಬ ಗಟ್ಟಿ ಗಂಟಲಿನವನು ಸಿಕ್ಕಿದ್ದಾನೆ. ಚಲುವಣ್ಣ ಒಪ್ಪಿದರೆ ರಾಜನ ತಂದೆಯ, ಆ ಕುರುಡು ದೊರೆಯ ಪಾರ್ಟು ಮಾಡಬಹುದು. ಅದರಲ್ಲಿ ಏರುದನಿ ಇಲ್ಲ, ಕೂತೇ ಮಾಡಬಹುದು. ಬಿಡುವ ಮನಸ್ಸಿಲ್ಲದಿದ್ದರೆ ರಾಜ ಅವರದೇ, ಬಲವಂತವಿಲ್ಲ. ಯಜಮಾನರು ಲೋಟದ ತಳವನ್ನೇ ನೋಡುತ್ತಿದ್ದರು.

"ರೋಮ್‌ಗೋಗಿ ಬಂದ್ಬುಟ್ಟು ಯೋಳ್ತೀನಿ ಮೇಷ್ಟ್ರೇ," ಎಂದರು.

ಅಲ್ಲಿಯವರೆಗೆ ಮನೆಯಲ್ಲಿ ರೋಮಿನ ಮಾತೇ ಎದ್ದಿರಲಿಲ್ಲ. ಮೇಷ್ಟ್ರಿಗಿಂತ ಹೆಚ್ಚು ಬೆಚ್ಚಿಬಿದ್ದವಳು ನಾನು.

ಮೊದಲ ದಿನ: ನಿಲ್ಲದ ನಲ್ಲಿ

ಮೈಸೂರಿನ ಒಂದು ತಂಡದ ಜೊತೆ ಹೋದೆವು. ತಂಡವನ್ನು ಕರೆದುಕೊಂಡು ಹೋದ ಶ್ರೀಧರ್ ಬೆಳಗೊಳದವರು, ತಲೆ ನರೆತ, ಎಲ್ಲ ತಿಳಿದ, ಸುಮ್ಮನಿರಲು ಬಾರದ ಮನುಷ್ಯ.

ರೋಮಿನ ಮೊದಲ ಬೆಳಗು ನನಗೆ ಈಗಲೂ ನಿದ್ದೆಯಲ್ಲಿ ಕಂಡದ್ದೇ ಎನಿಸುತ್ತದೆ. ವಿಮಾನದ ಮಂಪರು ಇಳಿದಿರಲಿಲ್ಲ. ಗೋಡೆಗಳೆಲ್ಲ ಆಲೆಮನೆಯಲ್ಲಿ ಆಗತಾನೆ ಅಚ್ಚಿಗೆ ಹೊಯ್ದ ಬೆಲ್ಲದ ಬಣ್ಣ. ಬೆಳಕು ಆ ಗೋಡೆಗಳ ಮೇಲೆ ಬಿದ್ದು ಬೀದಿಗೆ ನಿಧಾನವಾಗಿ ಇಳಿಯುತ್ತಿತ್ತು. ಎಲ್ಲೋ ಗಂಟೆ, ಎಲ್ಲೋ ನೀರಿನ ಸದ್ದು. ನನ್ನ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂದು ಒಂದೆರಡು ಸಲ ನೋಡಿಕೊಂಡೆ.

ಆ ನೀರಿನ ಸದ್ದೇ ಯಜಮಾನರ ಕನಸು ಕೆಡಿಸಿತು. ಅಲ್ಲಿ ಬೀದಿಬೀದಿಗೂ ಸೊಂಟದೆತ್ತರದ ಕಬ್ಬಿಣದ ಕಂಬಗಳು, ಪ್ರತಿಯೊಂದಕ್ಕೂ ಆನೆಯ ಸೊಂಡಿಲಿನಂತೆ ಬಾಗಿದ ಒಂದು ಕೊಳವೆ, ಅದರಿಂದ ಹಗಲೂ ರಾತ್ರಿ ನೀರು. ತಿರುಗಿಸುವ ತಿರುಪಿಲ್ಲ, ನಿಲ್ಲಿಸುವವರಿಲ್ಲ. ಕನ್ನಂಬಾಡಿ ನಾಲೆಗೆ ನೀರು ಯಾವಾಗ ಬಿಡುತ್ತಾರೆ ಎಂದು ಅರ್ಧ ಆಯುಸ್ಸು ಕಾದ ಮನುಷ್ಯನಿಗೆ ಇದನ್ನು ನೋಡಿಕೊಂಡಿರಲು ಆಗಲಿಲ್ಲ.

"ಯಾವೋನೋ ನಲ್ಲಿ ಬುಟ್ಟು ಓಗ್ಬುಟ್ಟವ್ನೆ ಕಣಮ್ಮಿ," ಎನ್ನುತ್ತ ತಿರುಪು ಹುಡುಕಿದರು. ಸಿಗದಿದ್ದಾಗ ಹೆಬ್ಬೆರಳಿಟ್ಟು ಕೊಳವೆಯ ಬಾಯಿ ಒತ್ತಿ ಹಿಡಿದರು. ಆ ಕೊಳವೆಯ ಬೆನ್ನಿನ ಮೇಲೆ ಇನ್ನೊಂದು ಸಣ್ಣ ತೂತು ಇರುತ್ತದೆಂದು ಯಾರಿಗೆ ಗೊತ್ತು? ನೀರು ಅಲ್ಲಿಂದ ಚಿಲುಮೆಯಾಗಿ ಎದ್ದು ಅವರ ಮುಖ, ಮೀಸೆ, ಹೊಸ ಸ್ವೆಟರು ಎಲ್ಲವನ್ನೂ ತೋಯಿಸಿತು. ನಾಯಿ ಹಿಡಿದುಕೊಂಡು ಬಂದಿದ್ದ ಒಬ್ಬ ಮುದುಕಿ ಬಹಳ ಸಂತೋಷಪಟ್ಟಳು. ಊರವರು ಹಾಗೇ ಒತ್ತಿ ಹಿಡಿದು, ಮೇಲೇಳುವ ಎಳೆಗೆ ಬಾಯಿ ಕೊಟ್ಟು ಕುಡಿಯುತ್ತಾರಂತೆ. ತಾನೇ ಕುಡಿದು ತೋರಿಸಿದಳು. ಯಜಮಾನರೂ ಅವಳಂತೆಯೇ ಕುಡಿದು, ಸೀ ಆಗಿದೆ ಎಂದು ತಲೆದೂಗಿದರು. ಬೆಟ್ಟದಿಂದ ಬರುವ ನೀರಂತೆ. ಸಾವಿರಾರು ವರ್ಷದ ಹಿಂದೆ ಇವರ ದೊರೆಗಳು ಕಲ್ಲಿನ ಕಮಾನುಗಳ ಮೇಲೆ ನಾಲೆ ಹಾಯಿಸಿ ತಂದರಂತೆ. ನಮ್ಮ ಶ್ರೀರಂಗಪಟ್ಟಣದಲ್ಲಿ ಬಂಗಾರದೊಡ್ಡಿ ನಾಲೆ ಹೊಳೆಯ ಮೇಲೇ ಹಾದುಹೋಗುವುದಿಲ್ಲವೇ, ಹಾಗೆ. ಈ ಒಂದು ವಿಷಯಕ್ಕೆ ಅವರು ರೋಮಿನವರನ್ನು ನಮ್ಮವರೆಂದು ಒಪ್ಪಿಕೊಂಡರು.

ಕಾಫಿಯ ವಿಷಯದಲ್ಲಿ ಒಪ್ಪಲಿಲ್ಲ. ಅಲ್ಲಿ ಜನ ಕಟ್ಟೆಗೆ ಒರಗಿ ನಿಂತೇ, ಒಳ್ಳೆ ಔಷಧಿ ನುಂಗುವಂತೆ ಒಂದೇ ಗುಟುಕಿಗೆ ಕಾಫಿ ಮುಗಿಸಿ ನಡೆಯುತ್ತಾರೆ. ಬಟ್ಟಲು ಅರಿಸಿನದ ಭರಣಿಯಷ್ಟಿರುತ್ತದೆ. ಯಜಮಾನರು ಅದನ್ನು ಕೆಳಗಿನ ತಟ್ಟೆಗೆ ಬಗ್ಗಿಸಿ, ಊದಿ, ಸೊರ್ ಎಂದು ಕುಡಿದಾಗ ಇಡೀ ಅಂಗಡಿ ತಿರುಗಿ ನೋಡಿತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಅಂಗಡಿಯವನು ಕೈಯೆತ್ತಿ ಏನೋ ಹೇಳಿದ. ಅವರ ಕೈಗಳೇ ಅರ್ಧ ಮಾತಾಡುತ್ತವೆ, ಭಾಷೆ ಬಾರದಿದ್ದರೂ ಕೋಪವೋ ಪ್ರೀತಿಯೋ ತಿಳಿದುಬಿಡುತ್ತದೆ. ನಾಟಕದವರ ಊರು ಕಣಮ್ಮಿ ಇದು, ಎಂದರು ಯಜಮಾನರು.

ಎರಡನೇ ದಿನ: ಮುರಿದ ಊರು

ಹಳೇ ರೋಮಿನ ಅವಶೇಷಗಳ ನಡುವೆ ನಡೆಯುವಾಗ ನನಗೆ ಹೊಸ ಜಾಗಕ್ಕೆ ಬಂದೆ ಎನಿಸಲೇ ಇಲ್ಲ. ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದ ಕೋಟೆಯೊಳಗೆ. ಮುರಿದ ಗೋಡೆ, ಮಧ್ಯೆ ಹುಲ್ಲು, ಬಿಸಿಲಿಗೆ ಕಾದ ಕಲ್ಲಿನ ವಾಸನೆ, ಕಲ್ಲಿನ ಮೇಲೆ ಮಲಗಿದ ಬೆಕ್ಕು, ಎಲ್ಲ ನನ್ನವೇ. ನಾನು ಸ್ಕೂಲಿಗೆ ಹೋಗುವ ದಾರಿಯಲ್ಲಿ ಸುಲ್ತಾನ ಬಿದ್ದ ಜಾಗವಿತ್ತು. ಅಲ್ಲೊಂದು ಕಲ್ಲು ನಿಲ್ಲಿಸಿದ್ದಾರೆ. ಬಸ್ಸಿನಲ್ಲಿ ಬಂದವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನು ಹುಟ್ಟಿದ ದಿನ, ಗೆದ್ದ ದಿನ ಯಾರಿಗೂ ಬೇಕಿರಲಿಲ್ಲ. ಬಿದ್ದ ಜಾಗ ಎಲ್ಲಿ ಎಂದೇ ಎಲ್ಲರೂ ಕೇಳುತ್ತಿದ್ದರು. ನಾನು ಮಾತ್ರ ಅದನ್ನು ಬಳಸಿಕೊಂಡು ಹೋಗುತ್ತಿದ್ದೆ. ಅತ್ತೆ ಹೇಳುವುದಕ್ಕೆ ಮುಂಚೆಯೇ ಆ ಹೆದರಿಕೆ ನನ್ನಲ್ಲಿ ಇತ್ತೋ ಏನೋ.

ಇಲ್ಲೂ ಅದೇ. ತಗಡಿನ ಮಾಡು ಹಾಕಿದ ಒಂದು ಮಣ್ಣಿನ ಗುಡ್ಡೆಯ ಮೇಲೆ ಯಾರೋ ತಾಜಾ ಹೂವು ಇಟ್ಟಿದ್ದರು. ಕೊಲೆಯಾದ ಒಬ್ಬ ದೊರೆಯನ್ನು ಅಲ್ಲಿ ಸುಟ್ಟರಂತೆ. ಎರಡು ಸಾವಿರ ವರ್ಷದ ಸೂತಕ ಇವರಿಗೆ ಇನ್ನೂ ಕಳೆದಿಲ್ಲ. ಶ್ರೀಧರ್‌ಗೆ ಅಲ್ಲಿಂದ ಹುರುಪು ಬಂತು. ನಮ್ಮ ಧಾರಾವಾಹಿಯ ಚಕ್ರವರ್ತಿಯನ್ನೂ ಅವರು ನೋಡಿದ್ದರು. "ಅವ್ನು ಹೆಂಗೆ ಸತ್ತ ಗೊತ್ತಾ ಮೇಡಂ," ಎಂದು ಶುರು ಮಾಡಿದರೆ ನಾನು ಕಿವಿ ಮುಚ್ಚಿಕೊಂಡು ಮುಂದೆ ನಡೆಯುತ್ತಿದ್ದೆ. ಮುಂದಿನ ಕಂಬದ ಹತ್ತಿರ ಮತ್ತೆ ಶುರು. ಹೀಗೆ ಅರ್ಧ ರೋಮನ್ನು ನಾನು ಕಿವಿ ಮುಚ್ಚಿಕೊಂಡೇ ನೋಡಿದೆ. ದೊಡ್ಡವಳು, ಟೀಚರು, ಯಾಕೆ ಹೀಗೆ ಎಂದು ಅವರಿಗೆ ಅರ್ಥವಾಗಲಿಲ್ಲ.

ಮಧ್ಯಾಹ್ನ ಬಿದ್ದ ಕಂಬವೊಂದರ ಮೇಲೆ ಕೂತೆವು. ಯಜಮಾನರಿಗೆ ಬೇಸರವಾಗಿತ್ತು. ಎಲ್ಲ ಮುರಿದಿದೆ, ಚಕ್ರವರ್ತಿ ಇಳಿದ ಆ ಮೆಟ್ಟಿಲು ಎಲ್ಲಿ, ಆ ದೊಡ್ಡ ಬಾಗಿಲು ಎಲ್ಲಿ ಎಂದು ಕೇಳಿದರು. ಬಿಸಿಲಿಗೆ ನನ್ನ ಕಣ್ಣು ಎಳೆಯುತ್ತಿತ್ತು. ಅರೆನಿದ್ದೆಯಲ್ಲಿ ಮುರಿದ ಕಂಬಗಳೆಲ್ಲ ಎದ್ದು ನಿಂತು, ಅವುಗಳ ನಡುವೆ ನಮ್ಮೂರ ಹೆಂಗಸರು ಸೆರಗು ಹೊದ್ದು ನಾಟಕ ನೋಡಲು ಕೂತಿದ್ದರು. ಹಾರ್ಮೋನಿಯಂ ಆ ಮಟ್ಟು ಹಿಡಿಯಿತು. ಬೆಚ್ಚಿ ಕಣ್ಣು ಬಿಟ್ಟೆ. ಪಕ್ಕದಲ್ಲಿ ಯಜಮಾನರು ಬಹಳ ಸಣ್ಣ ದನಿಯಲ್ಲಿ ಅದೇ ಪದವನ್ನು ಗುನುಗುತ್ತಿದ್ದರು. ಮೇಲಕ್ಕೆ ಏರಬೇಕಾದ ಜಾಗಕ್ಕೆ ಬಂದು ನಿಲ್ಲಿಸಿದರು. ಮತ್ತೆ ಮೊದಲಿಂದ ಗುನುಗಿ ಅಲ್ಲಿಗೇ ಬಂದು ಮತ್ತೆ ನಿಲ್ಲಿಸಿದರು. ನಾನು ನಿದ್ದೆಯಲ್ಲಿದ್ದವಳಂತೆ ಕಣ್ಣು ಮುಚ್ಚಿಕೊಂಡೆ.

ಆ ರಾತ್ರಿ ಊಟದಲ್ಲಿ ಶ್ರೀಧರ್ ಹೇಳಿದರು, ಆ ಧಾರಾವಾಹಿ ತೆಗೆದದ್ದು ಈ ಮುರಿದ ಕಲ್ಲುಗಳ ನಡುವೆ ಅಲ್ಲ, ಊರಾಚೆ ಒಂದು ಸಿನಿಮಾ ಊರಿದೆ, ಅಲ್ಲಿ ಇಡೀ ಹಳೇ ರೋಮನ್ನು ಕಟ್ಟಿ ನಿಲ್ಲಿಸಿದ್ದಾರೆ, ನೋಡಲು ಬಿಡುತ್ತಾರೆ ಎಂದು. ತಂಡದವರು ಮರುದಿನ ಅಂಗಡಿ ಬೀದಿಗೆ ಹೋಗುವವರಿದ್ದರು. ನಾವು ಬರುವುದಿಲ್ಲ ಎಂದೆವು.

ಮೂರನೇ ದಿನ: ಟೊಳ್ಳು ಕಂಬಗಳ ಊರು

ನೆಲದಡಿಯ ರೈಲಿನಲ್ಲಿ ಕೂತು, ಒಮ್ಮೆ ತಪ್ಪು ದಿಕ್ಕಿಗೆ ಹೋಗಿ, ವಾಪಸು ಬಂದು, ಅಂತೂ ತಲುಪಿದೆವು. ಪಾವೊಲಾ ಎಂಬ ನಡುವಯಸ್ಸಿನ ಹೆಂಗಸು ನಮ್ಮನ್ನೂ ಇನ್ನೊಂದಷ್ಟು ಜನರನ್ನೂ ಒಳಗೆ ಕರೆದುಕೊಂಡು ಹೋದಳು. ಅವಳ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ ನಿಧಾನವಾಗಿದ್ದದ್ದರಿಂದ ನಮಗೆ ಚೆನ್ನಾಗಿ ಹೊಂದಿತು.

ಒಂದು ತಿರುವು ದಾಟಿದ್ದೇ ತಡ, ಎದುರಿಗೆ ರೋಮ್ ಇಡಿಯಾಗಿ ನಿಂತಿತ್ತು. ಮುರಿಯದ ಕಂಬಗಳು, ಕುಂಕುಮದ ಬಣ್ಣದ ಗೋಡೆಗಳು, ದೊಡ್ಡ ಬಾಗಿಲು, ಆ ಮೆಟ್ಟಿಲು. ಜನ ಮಾತ್ರ ಇಲ್ಲ. ಗಾಳಿ ಕೂಡ ಇಲ್ಲ. ಟಿವಿಯೊಳಕ್ಕೆ ಹೆಜ್ಜೆಯಿಟ್ಟ ಹಾಗಾಯಿತು. ನಾನು ಯಜಮಾನರ ತೋಳು ಹಿಡಿದುಕೊಂಡೆ. ಅವರು ಮೆಲ್ಲಗೆ ಬಿಡಿಸಿಕೊಂಡು ಒಂದು ಕಂಬದ ಹತ್ತಿರ ಹೋಗಿ, ಹಲಸಿನ ಹಣ್ಣು ನೋಡುವವರಂತೆ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದರು. ಡಬ್ ಡಬ್ ಎಂದಿತು. ಒಳಗೆ ಟೊಳ್ಳು. ಗೋಡೆಯ ಹಿಂದಕ್ಕೆ ಬಗ್ಗಿ ನೋಡಿದರೆ ಕಬ್ಬಿಣದ ಕೊಳವೆ, ಮರದ ಊರುಗೋಲು, ಹಗ್ಗ. ಅವರ ಮುಖದ ಮೇಲೆ ಎಷ್ಟೋ ತಿಂಗಳಿಂದ ಕಾಣದ ನಗು ಕಂಡಿತು.

"ನಮ್ದೇ ನಾಟ್ಕದ ಸೀನ್ರಿ ಕಣಮ್ಮಿ. ವಸಿ ದೊಡ್ದು, ಅಷ್ಟೇಯ."

ಮೆಟ್ಟಿಲಿನ ಮುಂದೆ ಒಂದು ಹಗ್ಗ ಕಟ್ಟಿದ್ದರು. ಇಲ್ಲೇ ಚಕ್ರವರ್ತಿಯ ಕೊನೆಯ ದೃಶ್ಯ ತೆಗೆದದ್ದು ಎಂದು ಪಾವೊಲಾ ಹೇಳಿದಳು. ಹೇಗೆ ಬೀಳುತ್ತಾನೆ ಎಂದು ಹೇಳುವುದಕ್ಕೆ ಮುಂಚೆ ನಾನು ಕಿವಿಗೆ ಕೈ ಒಯ್ದೆ. ಯಜಮಾನರು ಹಗ್ಗದ ಹತ್ತಿರ ನಿಂತು ಆ ಮೆಟ್ಟಿಲನ್ನೇ ನೋಡುತ್ತಿದ್ದರು. ಅಲ್ಲಿ ಒಂದು ಗಳಿಗೆ ನಿಲ್ಲಬಹುದೇ ಎಂದು ಕೇಳು ಎಂದರು. ಕೇಳಿದೆ. ಆಗುವುದಿಲ್ಲ ಎಂದಳು ಪಾವೊಲಾ, ನಿಯಮವಿದೆ. ಇವರು ಯಾರು ಎಂದು ಕೇಳಿದಳು. ನಮ್ಮೂರಿನ ರಾಜ, ವರ್ಷಕ್ಕೊಂದು ದಿನ, ಎಂದೆ. ನಾಟಕವೆಂದು ವಿವರಿಸಿದೆ, ಗಂಟಲಿನ ಕತೆಯನ್ನೂ ಹೇಳಿದೆ. ಅವಳು ಕೈ ಕಟ್ಟಿಕೊಂಡು ಅವರ ಮೀಸೆಯನ್ನೊಮ್ಮೆ ನೋಡಿದಳು. ಇಲ್ಲಿಯ ರಾಜರೂ ಒಂದೊಂದು ದಿನದವರೇ ಎಂದು ಹಗ್ಗ ಎತ್ತಿದಳು.

ನಾನು ಎದುರಿನ ಕಟ್ಟೆಯ ಮೇಲೆ ಕೂತು ಫೋಟೋ ತೆಗೆಯಲು ಫೋನು ಹೊರಗೆ ತೆಗೆದೆ. ಅವರು ಫೋಟೋಗೆ ನಿಲ್ಲಲಿಲ್ಲ. ಚಪ್ಪಲಿ ಕಳಚಿ, ನನ್ನ ಶಾಲು ಇಸಿದುಕೊಂಡು ಸೊಂಟಕ್ಕೆ ಬಿಗಿದರು. ನನ್ನ ಛತ್ರಿ ತೆಗೆದು ಹೆಗಲಿಗೆ ಇಟ್ಟುಕೊಂಡರು. ಇಟ್ಟುಕೊಂಡ ರೀತಿಗೇ ಅದು ಛತ್ರಿಯಾಗಿ ಉಳಿಯಲಿಲ್ಲ. ಮೆಟ್ಟಿಲ ತುದಿಗೆ ಹೋಗಿ ಈ ಕಡೆ ತಿರುಗಿ, ಹಾರ್ಮೋನಿಯಂ ಇಲ್ಲದಿದ್ದರಿಂದ ತಾವೇ ಬಾಯಲ್ಲಿ ಆ ಮಟ್ಟು ಹಿಡಿದರು.

ನಾನು ಕೂತಿದ್ದ ಕಟ್ಟೆಯಿಂದ ಎದ್ದೆ. ಎದ್ದಿದ್ದು ತಿಳಿದದ್ದು ಎರಡು ಹೆಜ್ಜೆ ನಡೆದ ಮೇಲೆ. ಎಲ್ಲಿಗೆ ಹೋಗುವುದು? ರೋಮಿನಲ್ಲಿ ನನಗೆ ಯಾವ ಮನೆ, ಯಾವ ಬಾಗಿಲು, ಯಾವ ಹಾಲು? ಸುತ್ತಲೂ ಟೊಳ್ಳು ಗೋಡೆಗಳು. ಹೆದರಿಕೆಗೆ ಬಾಯಿ ಒಣಗಿತ್ತು. ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಹೀಗೇ ಒಣಗಿತ್ತು. ಅಲ್ಲಿಯೂ ನಾನು ಎದ್ದು ಹೋಗಿರಲಿಲ್ಲವಲ್ಲ ಎಂದು ಆಗ ಹೊಳೆಯಿತು. ತಿರುಗಿ ಬಂದು ಕೂತೆ.

ಹಾಡುವ ಜಾಗದಲ್ಲೆಲ್ಲ ಅವರು ಮಾತೇ ಆಡಿದರು. ಎದುರಾಳಿ ಇಲ್ಲದೆ ಏಟು ಹಾಕಿದರು, ಏಟು ತಪ್ಪಿಸಿಕೊಂಡರು. ಆಮೇಲೆ ಏಟು ಬಿತ್ತು. ಅವರು ಕೂಗಲಿಲ್ಲ. ತೊಡೆಯನ್ನು ಬಗ್ಗಿ ನೋಡಿದರು, ಯಾರದೋ ತೊಡೆ ನೋಡುವ ಹಾಗೆ. ಮೊದಲು ಛತ್ರಿ ಭಾರವಾಯಿತು. ಅದು ಕೈ ಬಿಟ್ಟು ಮೆಟ್ಟಿಲುಗಳ ಮೇಲೆ ಉರುಳಿ ಬಂತು. ಆಮೇಲೆ ಒಂದು ಮೊಣಕಾಲು. ಬೀಳಲು ಅವರಿಗೆ ಯಾವ ಅವಸರವೂ ಇರಲಿಲ್ಲ. ಬಿತ್ತನೆಗೆ ಮುಂಚೆ ಹೊಲದಲ್ಲಿ ಹದ ನೋಡುತ್ತಾರಲ್ಲ, ಹಾಗೆ ನೆಲಕ್ಕೊಮ್ಮೆ ಅಂಗೈ ಒತ್ತಿ ನೋಡಿದರು.

"ಧರೆಯೇ, ಇಷ್ಟು ದಿನ ನಿನ್ನನ್ನು ಆಳಿದೆನೆಂದುಕೊಂಡೆ. ನೀನು ಹೊತ್ತಿದ್ದೆ, ಅಷ್ಟೆ. ಇನ್ನು ಇಳಿಸು."

ಆ ಮಾತಿಗೆ ಮಲಗಿ ಕಣ್ಣು ಮುಚ್ಚಿದರು. ನನ್ನ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು. ಕಂಡಕ್ಟರು ಹೇಳಿದ್ದು ಸುಳ್ಳಾಗಿರಲಿಲ್ಲ. ಎಂಥ ಚಂದವಾದ ಸಾವು! ಇಷ್ಟು ವರ್ಷ ಊರೆಲ್ಲ ನೋಡಿ, ಇವರ ಜೊತೆ ಬಾಳಿದ ನಾನು ಹಾಲಿನ ಪಾತ್ರೆ ಕಾಯುತ್ತ ಕೂತಿದ್ದೆನಲ್ಲ ಎಂದು ಸಂಕಟವಾಯಿತು.

ಜೊತೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ತಟ್ಟಿ ನಿಲ್ಲಿಸಿದರು. ಯಜಮಾನರು ಏಳಲಿಲ್ಲ. ಮತ್ತೆ ತಟ್ಟಿದರು. ಏಳಲಿಲ್ಲ. ಪಾವೊಲಾಳ ಮುಖದಲ್ಲಿ ಗಾಬರಿ ಕಂಡಿತು. ದೂರದಲ್ಲಿದ್ದ ಕಾವಲಿನವನು ಕೈಯಲ್ಲಿದ್ದ ಯಂತ್ರಕ್ಕೆ ಏನೋ ಹೇಳುತ್ತ ಓಡಿ ಬರತೊಡಗಿದ. ನಾನು ಮುಂದಕ್ಕೆ ಬಗ್ಗಿ ನೋಡಿದೆ. ಆಗ ಅವರ ಬಲಗಾಲ ಹೆಬ್ಬೆರಳು ಅಲ್ಲಾಡುತ್ತಿದ್ದದ್ದು ಕಂಡಿತು. ತಾಳ ಹಾಕುತ್ತಿತ್ತು. ಈ ಮನುಷ್ಯ ಕಾಯುತ್ತಿದ್ದಾರೆ! ಚಪ್ಪಾಳೆಗೆ ಏಳುವ ರಾಜ ಅಲ್ಲ ಇವರು. ಒನ್ಸ್ ಮೋರ್ ಬೀಳದೆ ಒಂದು ವರ್ಷವೂ ಎದ್ದವರಲ್ಲ. ಅದನ್ನು ಕೂಗಬೇಕೆಂದು ಇಲ್ಲಿ ಯಾರಿಗೆ ಗೊತ್ತು?

ಗೊತ್ತಿದ್ದವಳು ನಾನೊಬ್ಬಳೇ. ಜನ್ಮದಲ್ಲಿ ಒಮ್ಮೆಯೂ ಕೂಗಿದವಳಲ್ಲ. ಮೊದಲ ಸಲ ಗಂಟಲಿನಿಂದ ಹೊರಗೇ ಬರಲಿಲ್ಲ. ಎದ್ದು ನಿಂತು, ಹಿಂದಿನ ಬೆಂಚಿನ ಹುಡುಗರಿಗೆ ಕೇಳುವಂತೆ ಪಾಠ ಹೇಳುತ್ತಿದ್ದ ದನಿ ತೆಗೆದು ಕೂಗಿದೆ.

"ಒನ್ಸ್ ಮೋರ್!"

ಆ ಮಾತು ಅಲ್ಲಿದ್ದವರಿಗೆಲ್ಲ ಅರ್ಥವಾಯಿತು. ಒಬ್ಬ ದಪ್ಪ ಮನುಷ್ಯ ನಗುತ್ತ ತಾನೂ ಕೂಗಿದ, ಅವನ ಹೆಂಡತಿ ಕೂಗಿದಳು, ಪಾವೊಲಾ ಕೂಗಿದಳು. ಓಡಿ ಬಂದ ಕಾವಲಿನವನು ಏದುಸಿರು ಬಿಡುತ್ತ ನಿಂತ. ಟೊಳ್ಳು ಗೋಡೆಗಳು ಆ ಕೂಗನ್ನು ನಮಗೇ ವಾಪಸು ಕೊಟ್ಟವು. ರಾಜ ಕಣ್ಣು ಬಿಟ್ಟು, ಎದ್ದು ಕೂತು, ಎಲ್ಲ ದಿಕ್ಕಿಗೂ ಕೈ ಮುಗಿದರು. ನನ್ನ ಕಡೆ ತಿರುಗಿದಾಗ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತು.

ಈ ಸಲ ಮಾತಾಡಲಿಲ್ಲ, ಹಾಡಿದರು. ಬೇಡ ಎನ್ನಬೇಕೆಂದು ಬಾಯಿವರೆಗೆ ಬಂದದ್ದನ್ನು ನುಂಗಿಕೊಂಡೆ. ಕೆಳಗಿನ ಸ್ವರದಲ್ಲಿ ಪದ ಚೆನ್ನಾಗಿಯೇ ನಡೆಯಿತು. ಮೇಲಕ್ಕೆ ಏರುವ ಜಾಗದಲ್ಲಿ, ನಿನ್ನೆ ಎರಡು ಸಲ ನಿಂತಿದ್ದ ಅದೇ ಜಾಗದಲ್ಲಿ, ದನಿ ಸೀಳಿತು. ಅವರು ನಿಲ್ಲಿಸಿದರು. ಇನ್ನೊಮ್ಮೆ ಹಿಡಿದರು. ಮತ್ತೆ ಸೀಳಿತು. ಅಲ್ಲಿದ್ದವರು ಅದನ್ನೂ ನಾಟಕವೆಂದೇ ತಿಳಿದಿರಬೇಕು. ಅವರು ನನ್ನನ್ನೇ ನೋಡುತ್ತಿದ್ದರು, ನಾನು ಕಣ್ಣು ಕೀಳಲಿಲ್ಲ. ಉಳಿದ ಪದವನ್ನು ಊಟಕ್ಕೆ ಕೂತಾಗ ಮಾತಾಡುವ ದನಿಯಲ್ಲಿ ನನಗೊಬ್ಬಳಿಗೇ ಎಂಬಂತೆ ಹೇಳಿ ಮುಗಿಸಿ, ಮೆಲ್ಲಗೆ ಮಲಗಿದರು.

ಮತ್ತೆ ಯಾರಾದರೂ ಕೂಗುವುದಕ್ಕೆ ಮುಂಚೆ ಅವರೇ ಕೈ ಚಾಚಿದರು. ನಾನು ಹೋಗಿ ಎಬ್ಬಿಸಿದೆ. ಬೆನ್ನಿಗೆಲ್ಲ ಸುಣ್ಣದ ಪುಡಿ ಹತ್ತಿತ್ತು, ಕೊಡವಿದೆ.

"ಮೇಷ್ಟ್ರುಗೆ ಫೋನ್ ಆಕು," ಎಂದರು.

ಅಲ್ಲೇ ಮೆಟ್ಟಿಲ ಮೇಲೆ ಕೂತು ಹಾಕಿಕೊಟ್ಟೆ. ಊರಿನಲ್ಲಿ ಸಂಜೆಯಾಗಿತ್ತು, ಮೇಷ್ಟ್ರ ಹಿಂದೆ ಯಾರೋ ಪಾರ್ಟು ಕಲಿಯುತ್ತಿದ್ದದ್ದು ಕೇಳುತ್ತಿತ್ತು.

"ಕುರುಡು ದೊರೆ ಪಾರ್ಟು ನಂಗಿರ್ಲಿ ಮೇಷ್ಟ್ರೇ. ಅವ್ನು, ಕ್ಯಾರ್‌ಪೇಟೆ ಹೈದ, ಅವ್ನಿಗೆ ಒಂದ್ ಮಾತ್ ಯೋಳಿ. ಬೀಳೋವಾಗ ಆತ್ರ ಬೀಳ್ಬೇಡ ಕಣ್ಲಾ ಅನ್ನಿ. ಮೊದ್ಲು ಗದೆ, ಆಮ್ಯಾಕೆ ಮೊಣಕಾಲು. ನಾನ್ ಬಂದು ತೋರುಸ್ತೀನಿ."

ಫೋನು ನನ್ನ ಕೈಗೆ ಕೊಟ್ಟು ಸೊಂಟದ ಶಾಲು ಬಿಚ್ಚಿದರು. ಕಾವಲಿನವನು ಛತ್ರಿಯನ್ನು ಎತ್ತಿಕೊಂಡು ಬಂದು ಎರಡೂ ಕೈಯಲ್ಲಿ ಹಿಡಿದು ಅವರಿಗೆ ಒಪ್ಪಿಸಿದ.

ವಾಪಸು, ಆಕಾಶದಲ್ಲಿ

ವಿಮಾನದಲ್ಲಿ ಊಟದ ತಟ್ಟೆ ತೆಗೆದುಕೊಂಡು ಹೋದ ಮೇಲೆ ದೀಪ ಮಂಕು ಮಾಡಿದರು. ಕಿಟಕಿಯಾಚೆ ಮೋಡ ಬಿಡಿಸಿದ ಹತ್ತಿಯಂತೆ ಹರಡಿತ್ತು. ಯಜಮಾನರು ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಎಂಗಿತ್ತು?"

ಪ್ರತಿ ವರ್ಷ ಹಾಲು ಕುಡಿದು ಲೋಟ ಕೆಳಗಿಡುವಾಗ ಹೀಗೇ ಕೇಳುತ್ತಿದ್ದರು. ನಾನು ಒಡ್ಡೋಲಗದ ದೃಶ್ಯ ಚೆನ್ನಾಗಿತ್ತು, ಕಿರೀಟ ಸ್ವಲ್ಪ ವಾಲಿತ್ತು ಎಂದು ಏನಾದರೂ ಹೇಳುತ್ತಿದ್ದೆ. ಅವರು ಹೂಂಗುಟ್ಟುತ್ತಿದ್ದರು. ಅವರು ಕೇಳುತ್ತಿದ್ದದ್ದು ಕೊನೆಯ ದೃಶ್ಯವನ್ನು ಎಂದು ಗೊತ್ತಿದ್ದೂ ನಾನು ಹೇಳುವಂತಿರಲಿಲ್ಲ.

"ನಿಮ್ಮಂಗೆ ಬೀಳೋರು ಇನ್ನೊಬ್ರಿಲ್ಲ ಕಣ್ರೀ," ಎಂದೆ. ಅವರು ಕಣ್ಣು ಬಿಡಲಿಲ್ಲ. ಮೀಸೆ ಮಾತ್ರ ಅಲ್ಲಾಡಿತು.

ಆಮೇಲೆ ನಾನೇ ಫೋನು ತೆಗೆದೆ. ಆ ಧಾರಾವಾಹಿಯ ಕೊನೆಯ ಕಂತನ್ನು ಹೊರಡುವ ಮುಂಚೆ ಹೋಟೆಲಿನಲ್ಲೇ ಇಳಿಸಿಕೊಂಡಿದ್ದೆ. ನೋಡೋಣವಾ ಎಂದೆ. ಅವರು ಆಶ್ಚರ್ಯದಿಂದ ನನ್ನ ಮುಖ ನೋಡಿ ನೆಟ್ಟಗೆ ಕೂತರು. ಇಬ್ಬರೂ ಒಂದೊಂದು ಕಿವಿಗೆ ಒಂದೊಂದು ತಂತಿ ಹಂಚಿಕೊಂಡೆವು. ಚಕ್ರವರ್ತಿ ಆ ಮೆಟ್ಟಿಲುಗಳನ್ನು ಇಳಿದು ಬಂದ. ಕುಂಕುಮದ ಗೋಡೆ ನೋಡಿ ಯಜಮಾನರು ನನ್ನ ಮೊಣಕೈ ತಿವಿದರು. ಕಂಬಗಳ ಹಿಂದಿನಿಂದ ಅವನ ಸೈನಿಕರೇ ಕತ್ತಿ ಹಿಡಿದು ಬಂದರು. ಅವನನ್ನು ಹೆಗಲ ಮೇಲೆ ಹೊತ್ತು ತಂದಿದ್ದವರು ಅವರೇ. ಅವನು ಒಂದು ಮಾತೂ ಆಡದೆ ಕುಸಿದ. ನಾನು ಎದ್ದು ಹೋಗಲಿಲ್ಲ. ಸೊಂಟಕ್ಕೆ ಬೆಲ್ಟು ಕಟ್ಟಿತ್ತು ಎನ್ನಿ, ಕಟ್ಟದಿದ್ದರೂ ಹೋಗುತ್ತಿರಲಿಲ್ಲ.

ಪರದೆ ಕಪ್ಪಾಗಿ ಕೆಲಸ ಮಾಡಿದವರ ಹೆಸರುಗಳು ಕೆಳಗಿನಿಂದ ಏರತೊಡಗಿದವು. ಯಜಮಾನರು ಆ ಕಪ್ಪು ಪರದೆಯನ್ನೇ ನೋಡುತ್ತ ಕೂತಿದ್ದರು. ಅವರ ಹೆಬ್ಬೆರಳು ಸೀಟಿನ ಕೈಯ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು.

"ಯಾರೂ ಅನ್ನಲೇ ಇಲ್ವಲ್ಲಮ್ಮಿ, ಪಾಪ," ಎಂದರು.

ಪಕ್ಕದ ಸಾಲಿನಲ್ಲಿ ಮಲಗಿದ್ದವರಿಗೆ ಎಚ್ಚರವಾಗದಂತೆ ನಾನು ಫೋನಿಗೆ ಬಗ್ಗಿ ಮೆಲ್ಲಗೆ "ಒನ್ಸ್ ಮೋರ್" ಎಂದೆ. ಬೆರಳಿನಿಂದ ಚಿತ್ರವನ್ನು ಹಿಂದಕ್ಕೆ ಎಳೆದೆ. ಹೆಸರುಗಳು ಕೆಳಗಿಳಿದವು, ಕತ್ತಿಗಳು ಒರೆಗೆ ಹೋದವು, ಸೈನಿಕರು ಹಿಮ್ಮೆಟ್ಟಿ ಕಂಬಗಳ ಹಿಂದೆ ಮರೆಯಾದರು. ಚಕ್ರವರ್ತಿ ನೆಲದಿಂದ ಎದ್ದು, ಒಂದೊಂದೇ ಮೆಟ್ಟಿಲು ಏರಿ, ತನ್ನ ಬಾಗಿಲಿಗೆ ಹೋಗಿ ನಿಂತ. ಯಜಮಾನರು ಅವನಿಗೆ ಕೈ ಮುಗಿದರು.